ಬರೀ ಟಿಕ್ ಎನ್ನುವ ಟ್ರಿಮ್ ಮೋಟಾರಿನವರ ಸನ್ನಿಧಿಗೆ

ಇವರಿಗೆ,
ಶ್ರೀಯುತ ಟ್ರಿಮ್ ಮೋಟಾರಿನವರು,
ಹಿಂಬದಿಯ ಹಲಗೆ, ಹಳದಿ ಪಟ್ಟಿಯ ಬಿಳಿ ದೋಣಿ,
ಗುರುಮಲ್ಲಪ್ಪನವರ ಮನೆಯ ಪಕ್ಕದ ಖಾಲಿ ಸೈಟು,
ದಟ್ಟಗಳ್ಳಿ, ಮೈಸೂರು.

ವಿಷಯ: ಏಳು ಎಂದರೆ ಏಳದೆ, ಇಳಿ ಎಂದರೆ ಇಳಿಯದೆ, ಒಂದು ಸಂಸಾರದ ನೆಮ್ಮದಿಗೆ ಭಂಗ ತಂದಿರುವ ಬಗ್ಗೆ.

ಉಲ್ಲೇಖ: ಡಿಸೆಂಬರ್ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಒಂಬತ್ತೂಕಾಲಕ್ಕೆ ತಾವು ನೀಡಿದ ‘ಟಿಕ್’ ಹಾಗೂ ಅಲ್ಲಿಂದೀಚಿನ ಎಲ್ಲ ‘ಟಿಕ್’ಗಳು.

ಮಾನ್ಯರೇ,

ತಮ್ಮ ಆರೋಗ್ಯ, ತಮ್ಮೊಳಗಿನ ಎಣ್ಣೆಯ ಮಟ್ಟ, ತಮ್ಮ ವೈರುಗಳ ಯೋಗಕ್ಷೇಮ ಇವೆಲ್ಲವನ್ನೂ ಮೊದಲಿಗೆ ವಿಚಾರಿಸಿಕೊಂಡು, ಚಾಮರಾಜಪುರಂ ವಾಸಿ ಬಿಂದುಮಾಧವನಾದ ನಾನು ತಮಗೆ ಸಾಷ್ಟಾಂಗ ನಮಸ್ಕಾರಗಳನ್ನು ಸಲ್ಲಿಸುತ್ತಿದ್ದೇನೆ. ಮಂಡಿನೋವಿನ ಕಾರಣ ಸಾಷ್ಟಾಂಗವನ್ನು ಮನಸ್ಸಿನಲ್ಲೇ ಹಾಕಿರುವುದನ್ನು ದಯವಿಟ್ಟು ಮನ್ನಿಸಬೇಕು. ಕಳೆದ ಮೂರು ವಾರ ತಮ್ಮ ಎದುರು ನಿಜವಾಗಿಯೂ ಮಂಡಿಯೂರಿ, ಕೆಲವೊಮ್ಮೆ ಅಂಗಾತ ಮಲಗಿ, ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ನಾನು ಮಾಡಿದ ಸೇವೆಯನ್ನು ಅದಕ್ಕೆ ಬದಲಾಗಿ ಸ್ವೀಕರಿಸಬಹುದು.

ಸರ್ಕಾರಿ ಕಚೇರಿಯೊಂದರ ಪತ್ರವ್ಯವಹಾರದ ಮೇಜಿನಲ್ಲಿ ಮೂವತ್ತನಾಲ್ಕು ವರ್ಷ ಕೂತು ನಿವೃತ್ತನಾದ ನನಗೆ ಯಾರಿಗೆ ಹೇಗೆ ಬರೆಯಬೇಕು ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಇದು ಬಹಿರಂಗ ಪತ್ರವಾದ್ದರಿಂದ, ಓದುವ ಇತರರಿಗೆ ತಮ್ಮ ಪರಿಚಯ ಮಾಡಿಕೊಡುವುದು ನನ್ನ ಕರ್ತವ್ಯ. ದೋಣಿಯ ಹಿಂಬದಿಯ ಹಲಗೆಗೆ ತಗುಲಿಕೊಂಡು ನೀರು ಕಡೆಯುವ ದೊಡ್ಡ ಮೋಟಾರಿಗೆ ಔಟ್‌ಬೋರ್ಡ್ ಎನ್ನುತ್ತಾರೆ. ಆ ದೊಡ್ಡವರ ಬುಡದಲ್ಲಿ ಎಣ್ಣೆ ಡಬ್ಬಿಯಷ್ಟೇ ಗಾತ್ರದಲ್ಲಿ ಕೂತು, ದಡದ ಹತ್ತಿರ ನೀರು ಕಡಿಮೆಯಾದಾಗ ಅವರನ್ನು ಮೇಲಕ್ಕೆ ಎತ್ತುವ, ಆಳಕ್ಕೆ ಹೋದಾಗ ಕೆಳಕ್ಕೆ ಇಳಿಸುವ ಪುಟ್ಟ ವಿದ್ಯುತ್ ಮೋಟಾರೇ ತಾವು. ಟ್ರಿಮ್ ಎಂಬುದು ತಮ್ಮ ಹುದ್ದೆಯ ಹೆಸರು. ಎತ್ತುವುದು ಮತ್ತು ಇಳಿಸುವುದು, ಹೀಗೆ ತಮಗೆ ವಹಿಸಿರುವುದು ಎರಡೇ ಕೆಲಸ. ಎರಡೇ ಕೆಲಸವಿದ್ದು ಎರಡನ್ನೂ ಮಾಡದವರನ್ನು ನಾನು ಸೇವೆಯಲ್ಲಿದ್ದಾಗ ನೋಡಿಲ್ಲವೆಂದೇನಲ್ಲ, ಆದರೆ ಅವರು ಕನಿಷ್ಠ ಪಕ್ಷ ಹನ್ನೊಂದು ಗಂಟೆಗೆ ಕಾಫಿಗಾದರೂ ಏಳುತ್ತಿದ್ದರು.

ತಾವು ನಮ್ಮ ಬಳಿಗೆ ಬಂದ ಬಗೆಯನ್ನು ಜ್ಞಾಪಿಸುತ್ತೇನೆ. ಕಳೆದ ಆಗಸ್ಟಿನಲ್ಲಿ ನನ್ನ ಬೆಳಗಿನ ವಾಕಿಂಗ್ ಸ್ನೇಹಿತರಾದ ಗುರುಮಲ್ಲಪ್ಪನವರೂ ನಾನೂ ಸೇರಿ, ಕರಾವಳಿಯ ಮೀನುಗಾರರೊಬ್ಬರಿಂದ ಈ ದೋಣಿಯನ್ನು ಕೊಂಡೆವು. ಗುರುಮಲ್ಲಪ್ಪನವರು ಸಿಮೆಂಟು ಕಬ್ಬಿಣದ ಅಂಗಡಿಯನ್ನು ಅಳಿಯನಿಗೆ ವಹಿಸಿ, ದಟ್ಟಗಳ್ಳಿಯಲ್ಲಿ ಮನೆ ಕಟ್ಟಿಕೊಂಡು, ಬೆಳಗಾದರೆ ಏನು ಮಾಡುವುದೆಂದು ತೋಚದೆ ಇದ್ದವರು. ನಮ್ಮ ಚಾಮರಾಜಪುರಂ ಮನೆಯ ಗೇಟಿನೊಳಕ್ಕೆ ಸ್ಕೂಟರೇ ಹ್ಯಾಂಡಲ್ ತಿರುಗಿಸಿಕೊಂಡು ನುಗ್ಗಬೇಕಾದ ಪರಿಸ್ಥಿತಿ ಇರುವುದರಿಂದ, ತಾವು ತಮ್ಮ ಪರಿವಾರ ಸಮೇತ ಅವರ ಪಕ್ಕದ ಸೈಟಿನಲ್ಲಿ ಬಿಡಾರ ಹೂಡಿದಿರಿ. ಆಗ ತಾವು ಹೇಗಿದ್ದಿರಿ! ಗುಂಡಿಯ ಮೇಲೆ ಬೆರಳಿಟ್ಟರೆ ಸಾಕು, ‘ಝುಂಯ್’ ಎನ್ನುತ್ತಾ ಆ ಎಪ್ಪತ್ತು ಕಿಲೋ ಭಾರವನ್ನು ಎತ್ತಿ ನಿಲ್ಲಿಸುತ್ತಿದ್ದಿರಿ. ಅದನ್ನು ನೋಡುವುದಕ್ಕೆಂದೇ ಆ ಬೀದಿಯ ಜನ ಹಾಲು ತರಲು ಹೋಗುವಾಗ ಈ ಕಡೆಯಿಂದ ಸುತ್ತಿಕೊಂಡು ಹೋಗುತ್ತಿದ್ದರು.

ಗುರುಮಲ್ಲಪ್ಪನವರು ದೋಣಿ ಕೊಂಡದ್ದು ಹೊತ್ತು ಹೋಗಲೆಂದು. ನಾನು ಕೊಂಡದ್ದು ನನ್ನ ಧರ್ಮಪತ್ನಿ ಭಾನುಮತಿಯವರಿಗಾಗಿ. ಇದನ್ನು ತಮಗೆ ತಿಳಿಸದೆ ನನ್ನ ದೂರು ತಮಗೆ ಅರ್ಥವಾಗುವುದಿಲ್ಲ, ಆದ್ದರಿಂದ ಸಂಕೋಚ ಬಿಟ್ಟು ಹೇಳುತ್ತೇನೆ. ನಲವತ್ತೊಂದು ವರ್ಷದ ಹಿಂದೆ, ಮದುವೆಯಾದ ಹೊಸತರಲ್ಲಿ, ನಾನು ಅವರನ್ನು ಕೆರೆಯೊಂದಕ್ಕೆ ದೋಣಿವಿಹಾರಕ್ಕೆಂದು ಕರೆದೊಯ್ದೆ. ಅಂಬಿಗ ತಾನೇ ಬರುತ್ತೇನೆಂದರೂ ಬೇಡವೆಂದು, ನನಗೆ ಹುಟ್ಟು ಹಾಕಲು ಬರುತ್ತದೆಂದು ಹೇಳಿ ಇಬ್ಬರೇ ಹೊರಟೆವು. ದೋಣಿ ಇದ್ದಲ್ಲೇ ಗಿರಗಿರನೆ ತಿರುಗಿ, ಕೊನೆಗೆ ಜೊಂಡಿನಲ್ಲಿ ಸಿಕ್ಕಿಕೊಂಡು, ನಾವು ಎರಡೂವರೆ ಗಂಟೆ ಅಲ್ಲೇ ಕೂತಿದ್ದೆವು. ಆಮೇಲೆ ಹರಿಗೋಲಿನವನೊಬ್ಬ ಬಂದು ಎಳೆದುಕೊಂಡು ಹೋದ. ಭಾನುಮತಿಯವರ ಹೊಸ ಸೀರೆಯ ಅಂಚು ನೆನೆಯಿತು, ಒಂದು ಚಪ್ಪಲಿ ನೀರಿಗೆ ಬಿತ್ತು. ಹುಟ್ಟುಗಳಲ್ಲಿ ಒಂದು ಇನ್ನೊಂದಕ್ಕಿಂತ ಉದ್ದವಾಗಿದ್ದುದೇ ಇದಕ್ಕೆಲ್ಲ ಕಾರಣವೆಂದು ಅಂದೇ ಪತ್ತೆಹಚ್ಚಿ, ಸಂಬಂಧಪಟ್ಟವರಿಗೆ ನಾಲ್ಕು ಪುಟದ ದೂರು ಬರೆದೆ. ಉತ್ತರ ಇವತ್ತಿಗೂ ಬಂದಿಲ್ಲ.

ಅಂದಿನಿಂದ ಭಾನುಮತಿಯವರು ದೋಣಿ ಹತ್ತಿಲ್ಲ. ಸಮುದ್ರ ನೋಡಲು ಹೋದಾಗ ಹತ್ತಲಿಲ್ಲ, ಪಕ್ಷಿಧಾಮಕ್ಕೆ ಹೋದಾಗ ಹತ್ತಲಿಲ್ಲ, ನೆಂಟರೆಲ್ಲ ಹತ್ತಿ ಕೈಬೀಸುತ್ತಿದ್ದರೆ ಇವರು ದಡದಲ್ಲಿ ಎಲ್ಲರ ಚಪ್ಪಲಿ ಕಾಯುತ್ತಾ ಕೂತರು. ನೀರೆಂದರೆ ಭಯವೇ ಎಂದು ಕೇಳಿದರೆ, ಭಯವಿರುವುದು ನೀರಿನದಲ್ಲ ಎನ್ನುತ್ತಾರೆ. ನನಗೆ ಇದು ನಲವತ್ತೊಂದು ವರ್ಷದಿಂದ ಚುಚ್ಚುತ್ತಿದೆ. ಆ ಎರಡೂವರೆ ಗಂಟೆಯನ್ನು ಹೇಗಾದರೂ ಅಳಿಸಿಹಾಕಬೇಕು, ಹಿನ್ನೀರಿನ ನಡುವೆ ದೋಣಿ ನೆಟ್ಟಗೆ ಓಡುತ್ತಿರಬೇಕು, ಅವರು ಮುಂದೆ ಕೂತಿರಬೇಕು, ಒಮ್ಮೆ ಹಿಂತಿರುಗಿ ನನ್ನನ್ನು ನೋಡಿ ಪರವಾಗಿಲ್ಲ ಎನ್ನಬೇಕು. ಇದಿಷ್ಟೇ ನನ್ನ ಆಸೆ.

ದೋಣಿ ಬಂದ ಮೇಲೆ ಎರಡು ತಿಂಗಳು ಬೇಡಿಕೊಂಡೆ. ಕೊನೆಗೆ ದಸರೆಗೆ ಗೊಂಬೆ ಕೂರಿಸುತ್ತಿದ್ದಾಗ ಭಾನುಮತಿಯವರು ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳನ್ನಿಟ್ಟು, ಕೆಳಗಿನ ಮೆಟ್ಟಿಲಲ್ಲಿ ಶೆಟ್ಟರ ಗೊಂಬೆಯ ಅಂಗಡಿಯನ್ನು ಜೋಡಿಸುತ್ತಲೇ ಹೇಳಿದರು: ‘‘ಆಯ್ತು, ನನ್ನ ಅರವತ್ತೈದನೇ ಹುಟ್ಟಿದ ಹಬ್ಬದ ದಿನ ಬರ್ತೀನಿ. ಒಂದೇ ಒಂದ್ಸಲ. ಆದ್ರೆ ಈ ಸಲವೂ ಏನಾದ್ರೂ ಎಡವಟ್ಟಾಯ್ತೋ, ಇನ್ನು ಈ ಜನ್ಮದಲ್ಲಿ ದೋಣಿ ಅನ್ನೋ ಮಾತನ್ನ ನನ್ನ ಮುಂದೆ ಎತ್ತಕೂಡದು ಕಣ್ರೀ.’’ ಅವರು ಹೇಳಿದ ಮೇಲೆ ಮುಗಿಯಿತು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡಿದವರು, ಒಮ್ಮೆ ಸೊನ್ನೆ ಹಾಕಿದ ಮೇಲೆ ಅದನ್ನು ತಿದ್ದಿದವರಲ್ಲ.

ಇಂಥ ಮಹತ್ವದ ಹೊಣೆ ತಮ್ಮ ಮೇಲೆ ಬಿದ್ದಿರುವಾಗ ನಾನು ತಮ್ಮನ್ನು ಹೇಗೆ ನೋಡಿಕೊಂಡೆ ಎಂಬುದನ್ನೂ ಇಲ್ಲಿ ದಾಖಲಿಸಬೇಕು. ನಮ್ಮ ತಾತನವರು ಅರಮನೆಯ ಆಯುಧಗಳಿಗೆ ಆಯುಧಪೂಜೆಯ ದಿನ ಗಂಧ ಹಚ್ಚುವ ಸೇವೆಯಲ್ಲಿದ್ದವರು. ಬಣ್ಣದ ಮೇಲೆ ಹಚ್ಚಿದ ಗಂಧ ಬಣ್ಣಕ್ಕೆ ಸೇರುತ್ತದೆಯೇ ಹೊರತು ಲೋಹಕ್ಕೆ ಸೇರುವುದಿಲ್ಲ ಎಂಬುದು ಅವರ ಕಟ್ಟುನಿಟ್ಟು. ಬರಿ ಲೋಹ ಕಾಣುವವರೆಗೂ ಒರೆಸಿ, ಅಲ್ಲಿ ಹಚ್ಚಿದರೆ ಮಾತ್ರ ಅದು ಪೂಜೆ. ಮೂರು ತಲೆಮಾರಿನಿಂದ ನಮ್ಮ ಮನೆಯಲ್ಲಿ ಈಳಿಗೆಮಣೆಗೂ, ಹೊಲಿಗೆಯಂತ್ರಕ್ಕೂ, ನನ್ನ ಸ್ಕೂಟರಿಗೂ ಹೀಗೆಯೇ ಪೂಜೆ ನಡೆದುಬಂದಿದೆ. ಗುರುಮಲ್ಲಪ್ಪನವರೋ, ಬ್ಯಾಟರಿಗೆ ಮೂರೆಳೆ ವಿಭೂತಿ ಬಳಿದು, ದೊಡ್ಡ ಮೋಟಾರಿನ ಟೋಪಿಯ ಮೇಲೊಂದು ಸೇವಂತಿಗೆ ಹಾರ ಹಾಕಿ, ‘‘ಮೇಲ್ಗಡೆ ಇಟ್ರೆ ಸಾಕು ಬುಡಿ ಸ್ವಾಮೀ, ಒಳಗಿಂದು ಅವರಿಗೇ ಗೊತ್ತಾಯ್ತದೆ’’ ಎಂದು ಕೈತೊಳೆದುಕೊಂಡರು. ನಾನು ಹಾಗೆ ಬಿಡುವವನೇ? ಟೋಪಿ ತೆಗೆದು ನೋಡಿದರೆ ತಮ್ಮ ಸುತ್ತಮುತ್ತ ಎಲ್ಲ ಬಣ್ಣ, ಎಲ್ಲ ಪ್ಲಾಸ್ಟಿಕ್. ಹುಡುಕಿ ಹುಡುಕಿ, ಕಪ್ಪು ವೈರೊಂದನ್ನು ಹಿಡಿದಿಟ್ಟುಕೊಂಡಿದ್ದ ಒಂದು ಬೋಲ್ಟನ್ನು ಕಂಡು, ಅದನ್ನು ಬಿಚ್ಚಿ, ಅದರಡಿಯ ಫಳಫಳಿಸುವ ಬರಿ ಲೋಹಕ್ಕೆ ಮನೆಯಲ್ಲೇ ತೇಯ್ದ ಗಂಧವನ್ನು ದಪ್ಪಗೆ ಹಚ್ಚಿ, ಅದರ ಮೇಲೆ ಅರಿಶಿನ, ಅದರ ಮೇಲೆ ಧಾರಾಳವಾಗಿ ಕುಂಕುಮ ಇಟ್ಟು, ವೈರನ್ನು ಮತ್ತೆ ಅಲ್ಲೇ ಕೂರಿಸಿ, ಬೋಲ್ಟನ್ನು ಭಕ್ತಿಯಿಂದ ಕೈಯಲ್ಲೇ ತಿರುಗಿಸಿ ಮುಚ್ಚಿದೆ. ಭಾನುಮತಿಯವರು ಕುಂಕುಮದ ಭರಣಿ ಅರ್ಧ ಖಾಲಿಯಾಯಿತೆಂದು ಗೊಣಗಿದರು. ತಮಗೆ ಅಂಥ ಪೂಜೆ ತಮ್ಮ ತಯಾರಕರ ಮನೆಯಲ್ಲೂ ಸಂದಿರಲಾರದು.

ಪೂಜೆಯಾದ ಕೂಡಲೇ ಗುಂಡಿ ಒತ್ತಿದಾಗ ತಾವು ಎದ್ದಿರಿ ಕೂಡ. ಎದ್ದವರನ್ನು ಹಾಗೆಯೇ ಗೌರವದಿಂದ ಎತ್ತರದಲ್ಲೇ ಬಿಟ್ಟು, ಮೇಲೊಂದು ಟಾರ್ಪಾಲು ಹೊದಿಸಿ ಬಂದೆವು. ಡಿಸೆಂಬರ್ ಮೊದಲ ವಾರ ಗುರುಮಲ್ಲಪ್ಪನವರು ಒಮ್ಮೆ ಗುಂಡಿ ಒತ್ತಿ ನೋಡೋಣವೇ ಎಂದರು. ಪೂಜೆ ಮಾಡಿಸಿಕೊಂಡ ಯಂತ್ರವನ್ನು ಅನುಮಾನಿಸುವುದು ಸಭ್ಯತೆಯಲ್ಲ ಎಂದು ನಾನೇ ತಡೆದೆ. ನನ್ನ ಈ ನಂಬಿಕೆಯನ್ನು ತಾವು ಹೇಗೆ ಉಳಿಸಿಕೊಂಡಿರಿ ಎಂಬುದನ್ನು ಮುಂದೆ ಓದಿಕೊಳ್ಳಬೇಕು.

ಹುಟ್ಟಿದ ಹಬ್ಬದ ದಿನ ಭಾನುಮತಿಯವರು ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ಒಂದರ ಮೇಲೊಂದು ಎರಡು ಲೈಫ್ ಜಾಕೆಟ್ ಧರಿಸಿ, ಒಂದು ಕೈಯಲ್ಲಿ ಕೋಡುಬಳೆ ಡಬ್ಬಿ, ಇನ್ನೊಂದು ಕೈಯಲ್ಲಿ ಫ್ಲಾಸ್ಕು ಹಿಡಿದು, ಚಪ್ಪಲಿಗಳನ್ನು ಮಾತ್ರ ಮುಂಜಾಗ್ರತೆಯಾಗಿ ಕಾರಿನಲ್ಲೇ ಬಿಟ್ಟು, ಹಿನ್ನೀರಿನ ದಡದಲ್ಲಿ ದೋಣಿ ಹತ್ತಿದರು. ನಲವತ್ತೊಂದು ವರ್ಷದ ಮೇಲೆ! ನನ್ನ ಕಣ್ಣು ಮಂಜಾಯಿತು, ಅದನ್ನು ಮುಚ್ಚಿಕೊಳ್ಳುವುದಿಲ್ಲ. ಗುರುಮಲ್ಲಪ್ಪನವರು ದೋಣಿಯನ್ನು ನೀರಿಗೆ ನೂಕಿದರು. ನಾನು ಚಾಲಕನ ಆಸನದಲ್ಲಿ ಕೂತು, ಇಷ್ಟದೇವರನ್ನು ನೆನೆದು, ತಮ್ಮನ್ನು ಇಳಿಸುವ ಗುಂಡಿಯನ್ನು ಒತ್ತಿದೆ.

ತಾವು ಟಿಕ್ ಎಂದಿರಿ.

ಇನ್ನೊಮ್ಮೆ ಒತ್ತಿದೆ, ಇನ್ನೊಮ್ಮೆ ಟಿಕ್ ಎಂದಿರಿ. ಎತ್ತುವ ಗುಂಡಿ ಒತ್ತಿದರೂ ಟಿಕ್. ತಮ್ಮ ದೊಡ್ಡವರು ಹಿಂಗಾಲು ಮೇಲೆತ್ತಿದ ಕತ್ತೆಯ ಹಾಗೆ ನೀರು ಕಡೆಯುವ ಫ್ಯಾನನ್ನು ಗಾಳಿಯಲ್ಲಿ ಹಿಡಿದು ನಿಂತೇ ಇದ್ದರು. ಫ್ಯಾನು ನೀರಿಗೆ ಇಳಿಯದೆ ದೋಣಿ ಹೊರಡುವಂತಿಲ್ಲ. ಕೈಯಲ್ಲೇ ಇಳಿಸಿಕೊಳ್ಳಲೆಂದು ತಮ್ಮ ಪಕ್ಕದಲ್ಲಿ ಒಂದು ಸ್ಕ್ರೂ ಇಟ್ಟಿರುತ್ತಾರಂತೆ, ಆದರೆ ಅದರ ತಲೆ ಹಿಂದಿನ ಮಾಲೀಕರ ಕಾಲದಲ್ಲೇ ಸವೆದು ನುಣ್ಣಗಾಗಿ, ಎಷ್ಟು ತಿರುಗಿಸಿದರೂ ಸ್ಕ್ರೂಡ್ರೈವರೊಂದೇ ತಿರುಗುತ್ತಿತ್ತು. ಫ್ಯೂಸು ಬದಲಾಯಿಸಿದೆವು. ಸುಟ್ಟಿರದ ಫ್ಯೂಸನ್ನು ತೆಗೆದು ಸುಟ್ಟಿರದ ಇನ್ನೊಂದನ್ನು ಹಾಕುವುದರಿಂದ ಏನೂ ಆಗುವುದಿಲ್ಲವೆಂದು ಗೊತ್ತಿದ್ದೂ ನಾಲ್ಕು ಸಲ ಹಾಕಿದೆವು. ಒಂದು ಗಂಟೆ ಹತ್ತು ನಿಮಿಷ ಭಾನುಮತಿಯವರು ದಡಕ್ಕೆ ಹಗ್ಗದಲ್ಲಿ ಕಟ್ಟಿಹಾಕಿದ ದೋಣಿಯಲ್ಲಿ ಮುಂದಕ್ಕೆ ಮುಖ ಮಾಡಿ ಕೂತು, ಒಂದೊಂದೇ ಕೋಡುಬಳೆ ಮುರಿದು ತಿಂದರು. ಪಕ್ಕದಲ್ಲಿ ಎರಡು ಬಾತುಗಳು ಅವರಿಗಿಂತ ದೂರ ಹೋಗಿ ವಾಪಸು ಬಂದವು. ಡಬ್ಬಿ ಖಾಲಿಯಾದ ಮೇಲೆ ಅವರು ಎದ್ದು, ‘‘ದೋಣೀಲಿ ಕೂತಿದ್ದಾಯ್ತಲ್ಲ, ನಡೀರಿ’’ ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ದಾರಿಯುದ್ದಕ್ಕೂ ಅವರು ಕಿಟಕಿಯಾಚೆ ನೋಡುತ್ತಾ ಕಬ್ಬಿನ ಗದ್ದೆ ಎಷ್ಟು ಹಸುರಾಗಿದೆ ಎಂದಷ್ಟೇ ಹೇಳಿದರು.

ಮಾನ್ಯರೇ, ಅಂದಿನಿಂದ ತಮ್ಮ ಮನವೊಲಿಸಲು ನಾವು ಪಟ್ಟ ಪಾಡನ್ನು ತಾವೇ ಕಣ್ಣಾರೆ ಕಂಡಿದ್ದೀರಿ. ಬ್ಯಾಟರಿಯವರನ್ನು ಮೀಟರು ಹಿಡಿದು ವಿಚಾರಿಸಿದೆವು, ಅವರು ಹನ್ನೆರಡೂವರೆ ವೋಲ್ಟು ಹೇಳಿ, ಹಣೆಯ ಮೇಲಿನ ವಿಭೂತಿ ಸಾಕ್ಷಿಯಾಗಿ ನಾನು ನಿರಪರಾಧಿ ಎಂದರು. ಗುಂಡಿಯವರನ್ನು ಬಿಚ್ಚಿ, ಒರೆಸಿ, ಹೊಸಬರನ್ನು ತಂದು ಕೂರಿಸಿದೆವು, ಅದೇ ಟಿಕ್. ಎತ್ತುವ ಆಜ್ಞೆಯನ್ನೂ ಇಳಿಸುವ ಆಜ್ಞೆಯನ್ನೂ ತಮಗೆ ತಲುಪಿಸುವ ಒಂದೇ ರೂಪದ ಎರಡು ರಿಲೇ ಡಬ್ಬಿಗಳಿವೆಯಲ್ಲ, ಅವರನ್ನು ಆಡಳಿತದ ಹಿತದೃಷ್ಟಿಯಿಂದ ಅದಲುಬದಲು ವರ್ಗಾವಣೆ ಮಾಡಿದೆವು. ಹೊಸ ಜಾಗದಲ್ಲಿ ಇಬ್ಬರೂ ಹಳೆಯ ಜಾಗದಲ್ಲಿ ಹೇಗಿದ್ದರೋ ಹಾಗೆಯೇ ಟಿಕ್ ಎನ್ನುತ್ತಾ ಮುಂದುವರಿದರು. ಈ ವಿಷಯದಲ್ಲಿ ನನಗೆ ಆಶ್ಚರ್ಯವಾಗಲಿಲ್ಲ. ಎಣ್ಣೆ ನೋಡಿದೆವು, ತುಂಬಿತ್ತು. ಇಲಿ ಕಡಿದಿದೆಯೇ ಎಂದು ವೈರುಗಳನ್ನು ಅಡಿಯಿಂದ ಮುಡಿಯವರೆಗೆ ಸವರಿ ನೋಡಿದೆವು, ಇಲಿ ಟಾರ್ಪಾಲನ್ನಷ್ಟೇ ಕಡಿದಿತ್ತು.

ಹದಿನೈದನೆಯ ದಿನ ಗುರುಮಲ್ಲಪ್ಪನವರಿಗೆ ರೇಗಿಹೋಯಿತು. ಬ್ಯಾಟರಿಯಿಂದ ಎರಡು ವೈರುಗಳನ್ನು ನೆಟ್ಟಗೆ ಎಳೆದು ತಂದು, ಮಧ್ಯದಲ್ಲಿ ಯಾರನ್ನೂ ಕೇಳದೆ, ಸೀದಾ ತಮಗೇ ಮುಟ್ಟಿಸಿದರು. ತಾವು ‘ಝುಂಯ್’ ಎಂದು ಇಳಿದಿರಿ! ವೈರುಗಳನ್ನು ಅದಲುಬದಲು ಮಾಡಿದರೆ ಎದ್ದಿರಿ! ಗುರುಮಲ್ಲಪ್ಪನವರು ಕುಣಿದಾಡುತ್ತಾ, ‘‘ನೋಡ್ರಿ ಸ್ವಾಮೀ, ಇದು ಕೆಟ್ಟಿಲ್ಲ ಕಣ್ರೀ, ಪಾಪ! ಕರೆಂಟೇ ಇದುಕ್ಕೆ ಸರ್ಯಾಗಿ ಬತ್ತಾ ಇಲ್ಲ’’ ಎಂದರು. ಅವರದು ಮೆದು ಹೃದಯ. ಆದರೆ ನಾನು ಪತ್ರವ್ಯವಹಾರದಲ್ಲಿ ಪಳಗಿದವನು, ನನಗೆ ಅದರ ನಿಜವಾದ ಅರ್ಥ ತಕ್ಷಣ ಹೊಳೆಯಿತು. ತಮಗೆ ಶಕ್ತಿಯಿಲ್ಲದೆ ಅಲ್ಲ, ಮನಸ್ಸಿಲ್ಲದೆ. ಅಂಗಡಿಯವರು ಎರಡು ವೈರು ಹಿಡಿದು ಬಂದರೆ ಏಳುವ ತಾವು, ನಾನು ವಿಧಿಬದ್ಧವಾಗಿ ಗುಂಡಿಯ ಮೂಲಕ ಅರ್ಜಿ ಸಲ್ಲಿಸಿದರೆ ಟಿಕ್ ಎನ್ನುತ್ತೀರಿ. ಇದಕ್ಕಾಗಿ ತಮ್ಮನ್ನು ನಾನು ಅಭಿನಂದಿಸುತ್ತೇನೆ. ಕಬ್ಬಿಣದ ತುಂಡೊಂದು ಇಷ್ಟು ಬೇಗ ನಮ್ಮ ಕಚೇರಿಗಳ ರೀತಿನೀತಿ ಕಲಿತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ತಮ್ಮ ‘ಟಿಕ್’ ಎಷ್ಟು ಗಂಭೀರ, ಎಷ್ಟು ಸಂಕ್ಷಿಪ್ತ! ಅದರಲ್ಲಿ ಆಗುತ್ತದೆ ಎಂದೂ ಇಲ್ಲ, ಆಗುವುದಿಲ್ಲ ಎಂದೂ ಇಲ್ಲ. ಮೂವತ್ತನಾಲ್ಕು ವರ್ಷದಲ್ಲಿ ನನ್ನಿಂದ ಅಂಥ ಒಂದೇ ಒಂದು ಉತ್ತರವನ್ನೂ ಬರೆಯಲಾಗಲಿಲ್ಲ.

ಹಾಗೆಯೇ ಎರಡು ವೈರು ಮುಟ್ಟಿಸಿಕೊಂಡು ಹಿನ್ನೀರಿಗೆ ಹೋಗಿಬಿಡೋಣ ಎಂದು ಗುರುಮಲ್ಲಪ್ಪನವರು ಸೂಚಿಸಿದರು. ಮುಟ್ಟಿಸಿದಾಗಲೆಲ್ಲ ಹಾರುವ ಕಿಡಿಯನ್ನೂ ಪಕ್ಕದಲ್ಲಿದ್ದ ಪೆಟ್ರೋಲ್ ಕ್ಯಾನನ್ನೂ ನೋಡಿದ ನಾನು, ಭಾನುಮತಿಯವರ ಬಳಿ ಆ ವಿಷಯ ಎತ್ತುವ ಧೈರ್ಯ ಮಾಡಲಿಲ್ಲ.

ಕಡೆಗೆ ಮೊನ್ನೆ ಶನಿವಾರ ಹೂಟಗಳ್ಳಿಯಿಂದ ಮಹದೇವು ಎಂಬುವರನ್ನು ಕರೆಸಿದೆವು. ಅವರು ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವರು, ದೋಣಿಯನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ‘‘ನೀರಲ್ಲಿರ್ಲಿ, ನೆಲದ ಮೇಲಿರ್ಲಿ, ಕರೆಂಟು ಹೋದ ಮೇಲೆ ವಾಪಸ್ ಬರ್ಬೇಕಲ್ವಾ ಸಾ? ಎಲ್ರೂ ಹೋಗೋ ದಾರಿ ನೋಡ್ತಾರೆ, ಬರೋ ದಾರಿ ಯಾರೂ ನೋಡಾಕಿಲ್ಲ’’ ಎಂದು ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ ಇಟ್ಟರು, ಇನ್ನೊಂದನ್ನು ತಮ್ಮ ಪಕ್ಕದ ಕಪ್ಪು ವೈರಿನ ತುದಿಗೆ ಇಟ್ಟರು, ನನಗೆ ಗುಂಡಿ ಒತ್ತಲು ಹೇಳಿದರು. ದಾರಿ ಸರಿಯಿದ್ದರೆ ಅಲ್ಲಿ ಸೊನ್ನೆ ತೋರಿಸಬೇಕಂತೆ. ಹನ್ನೊಂದು ತೋರಿಸಿತು. ‘‘ನೋಡಿ ಸಾ, ಹನ್ನೆರಡ್ರಲ್ಲಿ ಹನ್ನೊಂದು ಇಲ್ಲೇ ತಿಂದಾಕ್ತಾ ಅದೆ. ಈ ಬೋಲ್ಟಿನ ಬುಡದಲ್ಲಿ ಏನೋ ಅದೆ’’ ಎಂದು ಸ್ಪ್ಯಾನರ್ ತೆಗೆದುಕೊಂಡರು. ಭಾನುಮತಿಯವರು ಅಂದು ಗುರುಮಲ್ಲಪ್ಪನವರ ಮನೆಗೆ ಅವರೆಕಾಳು ಬಿಡಿಸಲು ಬಂದಿದ್ದವರು, ಮೊರ ಹಿಡಿದುಕೊಂಡೇ ಸೈಟಿಗೆ ಬಂದು ನಿಂತರು.

ಬೋಲ್ಟಿನಡಿ ಬಾಹ್ಯ ಪದಾರ್ಥವೊಂದು ಪತ್ತೆಯಾಗಿರುತ್ತದೆ. ಅದು ಕೆಂಪು ಹಸಿರು ಮಿಶ್ರಿತವಾಗಿ, ಹೆಪ್ಪುಗಟ್ಟಿ, ವೈರಿನ ತುದಿಗೂ ಲೋಹಕ್ಕೂ ನಡುವೆ ರೊಟ್ಟಿಯ ಹಾಗೆ ಕೂತಿತ್ತು. ಮಹದೇವು ಅದನ್ನು ಉಗುರಿನಿಂದ ಕೆರೆದು ಮೂಸಿ, ‘‘ತುಕ್ಕು ಕೆಂಪಗಿರ್ತದೆ, ಒಪ್ಕತೀನಿ. ಗಮಗಮ ಅಂತ ಗಂಧದ ವಾಸ್ನೆ ಬರೋ ತುಕ್ಕ ನಾನು ಇಡೀ ಸರ್ವೀಸಲ್ಲೇ ಕಂಡಿಲ್ಲ ಕಣ್ರೀ’’ ಎಂದರು. ಅದೇ ಸಮಯಕ್ಕೆ ಸರಿಯಾಗಿ ನನಗೊಂದು ತುರ್ತು ದೂರವಾಣಿ ಕರೆ ಬಂದದ್ದರಿಂದ ನಾನು ರಸ್ತೆಯ ಕಡೆಗೆ ಹೋಗಬೇಕಾಯಿತು. ಮುಂದಿನ ಚರ್ಚೆಯಲ್ಲಿ ನಾನು ಭಾಗವಹಿಸಿರುವುದಿಲ್ಲ. ಹಿಂತಿರುಗಿ ಬರುವಷ್ಟರಲ್ಲಿ ಮಹದೇವು ಆ ಜಾಗವನ್ನು ಉಪ್ಪುಕಾಗದದಿಂದ ಉಜ್ಜಿ, ಬೋಲ್ಟ್ ಬಿಗಿದು, ಗುಂಡಿ ಒತ್ತುತ್ತಿದ್ದರು, ತಾವು ಏಳುತ್ತಾ ಇಳಿಯುತ್ತಾ ಇದ್ದಿರಿ. ಸದರಿ ಪದಾರ್ಥವು ಅಲ್ಲಿಗೆ ಹೇಗೆ ಬಂತು, ಕರಾವಳಿಯ ಉಪ್ಪುಗಾಳಿಯಿಂದ ಬಂತೇ, ಹಿಂದಿನ ಮಾಲೀಕರ ನಿರ್ಲಕ್ಷ್ಯದಿಂದ ಬಂತೇ, ಅಥವಾ ತಾವೇ ಒಳಗಿನಿಂದ ಉತ್ಪತ್ತಿ ಮಾಡಿಕೊಂಡಿರೇ ಎಂಬುದು ಕೂಲಂಕಷ ತನಿಖೆಯಾಗಬೇಕಾದ ವಿಷಯ. ನಾನಂತೂ ಮೂರನೆಯದರ ಕಡೆಗೇ ಹೆಚ್ಚು ವಾಲಿದ್ದೇನೆ.

ಇನ್ನು ನನ್ನ ಕೋರಿಕೆಗೆ ಬರುತ್ತೇನೆ. ತಾವು ರಿಪೇರಿಯಾದದ್ದರಿಂದ ನನಗೇನೂ ಆಗಲಿಲ್ಲ, ಏಕೆಂದರೆ ಭಾನುಮತಿಯವರು ಕೊಟ್ಟಿದ್ದ ‘ಒಂದೇ ಒಂದ್ಸಲ’ ಮುಗಿದುಹೋಗಿದೆ. ಈಗ ಈ ಲೋಕದಲ್ಲಿ ನನ್ನನ್ನು ಪಾರುಮಾಡಬಲ್ಲವರು ತಾವೊಬ್ಬರೇ. ಆದಕಾರಣ ತಾವು ದಯಮಾಡಿ, ಆದದ್ದೆಲ್ಲ ತಮ್ಮದೇ ತಪ್ಪೆಂದೂ, ಬಿಂದುಮಾಧವರದು ಇದರಲ್ಲಿ ಎಳ್ಳಷ್ಟೂ ಇಲ್ಲವೆಂದೂ, ಅವರಂಥ ಭಕ್ತರು ಸಿಕ್ಕಿದ್ದು ತಮ್ಮ ಪುಣ್ಯವೆಂದೂ ಸ್ವಹಸ್ತಾಕ್ಷರದಲ್ಲಿ ಒಂದು ತಪ್ಪೊಪ್ಪಿಗೆ ಬರೆದು ಶ್ರೀಮತಿ ಭಾನುಮತಿಯವರಿಗೆ ಕೊಡಬೇಕು. ಕೈಯಿಲ್ಲವೆಂಬ ನೆಪ ಬೇಡ, ಎಪ್ಪತ್ತು ಕಿಲೋ ಎತ್ತುವವರಿಗೆ ಒಂದು ಪೆನ್ನು ಹೆಚ್ಚಲ್ಲ. ಅದು ಸಾಧ್ಯವಾಗದಿದ್ದರೆ ಅವರ ಅರವತ್ತೈದನೇ ಹುಟ್ಟಿದ ಹಬ್ಬವನ್ನು ಮುಂದಿನ ಭಾನುವಾರ ಇನ್ನೊಮ್ಮೆ ಬರುವಂತೆ ವ್ಯವಸ್ಥೆ ಮಾಡಿಸಬೇಕು. ಅದೂ ಸಾಧ್ಯವಾಗದಿದ್ದರೆ, ಅವರು ಸೈಟಿನ ಬಳಿ ಹಾದುಹೋಗುವಾಗಲಾದರೂ ನಾಚಿಕೆಯಿಂದ ತಲೆ ತಗ್ಗಿಸಿ ನಿಲ್ಲಬೇಕು. ತಲೆ ತಗ್ಗಿಸುವುದು ಹೇಗೂ ತಮ್ಮ ಕರ್ತವ್ಯದ ಅರ್ಧ ಭಾಗ.

ಹಾಗೆಯೇ ನಲವತ್ತೊಂದು ವರ್ಷದ ಹಿಂದಿನ ಆ ಹುಟ್ಟುಗಳು ತಮಗೆ ದೂರದ ನೆಂಟರಾಗಿದ್ದರೆ, ಅವರಿಂದಲೂ ಅಂಥದ್ದೇ ಒಂದು ಪತ್ರ ಬರೆಸಿಕೊಡಲು ಸಾಧ್ಯವೇ ಎಂದು ವಿಚಾರಿಸಬೇಕಾಗಿ ವಿನಂತಿ. ನನಗೆ ವಯಸ್ಸು ಅರವತ್ತೊಂಬತ್ತು. ಇನ್ನೊಂದು ನಲವತ್ತೊಂದು ವರ್ಷ ಕಾಯಲು ನನ್ನಿಂದಾಗದು. ಅವರನ್ನು ಒಂದೇ ಒಂದು ಸಲ ನೀರಿನ ನಡುವಿಗೆ ಕರೆದುಕೊಂಡು ಹೋಗಿ ಕ್ಷೇಮವಾಗಿ ವಾಪಸು ತರಬೇಕೆಂಬ ಆಸೆಯನ್ನು ತಮಾಷೆಯೆಂದು ತಿಳಿಯಬಾರದು.

ಈ ಪತ್ರದ ಒಂದು ಪ್ರತಿಯನ್ನು ದಟ್ಟಗಳ್ಳಿಯ ಹಾಲಿನ ಬೂತಿನ ಗೋಡೆಗೆ ಅಂಟಿಸಲಾಗುವುದು. ಅದಕ್ಕೆ ಮೊದಲು ರೂಢಿಯಂತೆ ಕಾಗುಣಿತ ತಿದ್ದಲು ಭಾನುಮತಿಯವರ ಕೈಗೇ ಕೊಡುತ್ತಿದ್ದೇನೆ. ಇದರಿಂದ ತಾವು ಗಾಬರಿಯಾಗಬೇಕಿಲ್ಲ. ನನ್ನ ಪತ್ರಗಳಲ್ಲಿ ವಿಷಯ ನೋಡುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು, ಬರೀ ಒತ್ತಕ್ಷರ ನೋಡುತ್ತೇನೆ ಎಂದು ಅವರೇ ಹೇಳಿದ್ದಾರೆ.

ತಮ್ಮ ಮೇಲೆ ಇಷ್ಟಾದರೂ ಇನ್ನೂ ಕೊಂಚ ವಿಶ್ವಾಸವನ್ನು ಉಳಿಸಿಕೊಂಡಿರುವ,
ತಮ್ಮ ವಿಶ್ವಾಸಿ,
ಬಿಂದುಮಾಧವ
(ಮಂಡಿಯ ಮೇಲೆ ನಿಂತು ಸಹಿ ಮಾಡಿದೆ)

ತಾ.ಕ.: ಮುಂದಿನ ಆಯುಧಪೂಜೆಗೆ ತಮಗೆ ಗಂಧವೂ ಇಲ್ಲ, ಕುಂಕುಮವೂ ಇಲ್ಲ. ಟೋಪಿಯ ಮೇಲೆ ಒಂದು ಹೂವಿಟ್ಟು ಕೈಮುಗಿಯಲಾಗುವುದು. ಯಾಕೆಂದು ತಾವು ಕೇಳಕೂಡದು.

ತಾ.ಕ. ಎರಡು, ಬೇರೆ ಕೈಬರಹದಲ್ಲಿ, ಕೆಂಪು ಶಾಯಿ:

ಟ್ರಿಮ್ ಮೋಟಾರಿನವರೇ, ನಾನು ಭಾನುಮತಿ. ಒತ್ತಕ್ಷರ ಎಲ್ಲ ಸರಿ ಇದೆ, ವಿಷಯ ಮಾತ್ರ ಸರಿ ಇಲ್ಲ. ಅವತ್ತು ಇವರಿಗೆ ಯಾವ ಫೋನೂ ಬಂದಿರಲಿಲ್ಲ. ಇವರ ಫೋನು ನನ್ನ ಕೈಚೀಲದಲ್ಲಿ, ಅವರೆಕಾಯಿ ಸಿಪ್ಪೆಯ ಅಡಿ ಇತ್ತು. ಬೋಲ್ಟಿನ ಕೆಳಗೆ ಸಿಕ್ಕಿದ್ದು ನನ್ನ ಭರಣಿಯ ಕುಂಕುಮ, ಮೂಸಿದ ತಕ್ಷಣ ನನಗೂ ಗೊತ್ತಾಯಿತು, ಗುರುಮಲ್ಲಪ್ಪನವರಿಗೂ ಗೊತ್ತಾಯಿತು, ಮಹದೇವು ಅವರಿಗೆ ನಾವೇ ಹೇಳಿದೆವು. ನಿಮ್ಮದೇನೂ ತಪ್ಪಿಲ್ಲ. ನಲವತ್ತೊಂದು ವರ್ಷದ ಹಿಂದೆ ಆ ಹುಟ್ಟುಗಳದೂ ತಪ್ಪಿರಲಿಲ್ಲ. ಎರಡೂ ಒಂದೇ ಉದ್ದ ಇದ್ದವು. ಇವರು ಹಿಂದಕ್ಕೆ ಮುಖ ಮಾಡಿ ಹುಟ್ಟು ಹಾಕೋದು ಬಿಟ್ಟು ಮುಂದಕ್ಕೆ ಮುಖ ಮಾಡಿ ಕೂತಿದ್ದರು. ದೋಣಿ ತಿರುಗಿದ್ದಕ್ಕೆ ನನಗೆ ಸಿಟ್ಟು ಬಂದಿರಲಿಲ್ಲ. ಆ ಎರಡೂವರೆ ಗಂಟೆ ನನಗೆ ಚೆನ್ನಾಗೇ ಇತ್ತು. ಸಿಟ್ಟು ಬಂದಿದ್ದು ಮನೆಗೆ ಬಂದು ಇವರು ಹುಟ್ಟಿನ ಮೇಲೆ ನಾಲ್ಕು ಪುಟ ಬರೆದಾಗ.

ಮುಂದಿನ ಭಾನುವಾರ ಬೆಳಿಗ್ಗೆ ನಾನು ದೋಣಿಗೆ ಬರ್ತೀನಿ. ಇಳಿಸೋ ಗುಂಡಿ ಯಾವುದು, ಎತ್ತೋ ಗುಂಡಿ ಯಾವುದು, ಮಹದೇವು ನನಗೆ ತೋರಿಸಿಕೊಟ್ಟಿದ್ದಾರೆ. ‘ತಪ್ಪು ನನ್ನದು’ ಅಂತ ಎರಡೇ ಎರಡು ಪದ ಇವರ ಬಾಯಿಂದ ಬಂದರೆ, ಇವರು ನನ್ನ ಪಕ್ಕದಲ್ಲೇ ಕೂತುಕೊಳ್ಳಬಹುದು, ಕೋಡುಬಳೆ ಇಬ್ಬರಿಗೂ ಆಗುವಷ್ಟು ಮಾಡಿರ್ತೀನಿ. ಬರದೇ ಹೋದರೆ ನಾನೂ ನೀವೂ ಹೋಗಿಬರೋಣ, ಇವರು ದಡದಲ್ಲಿ ನನ್ನ ಚಪ್ಪಲಿ ಕಾಯ್ತಾ ಇನ್ನೊಂದು ಪತ್ರ ಬರೀತಿರಲಿ. ವಾಪಸು ಬಂದು ಒತ್ತಕ್ಷರ ನೋಡ್ತೀನಿ.